ಸರ್ವಾಧಿಕಾರಿ ರಿಮೋಟು

ಹೋಮ್ ಥಿಯೇಟರ್ ಮಾರುವವನು ಎಲ್ಲವನ್ನೂ ಹೇಳುತ್ತಾನೆ. ಸ್ಪೀಕರ್ ಎಷ್ಟು, ವ್ಯಾಟ್ ಎಷ್ಟು, ವೂಫರ್ ಗುಮ್ಮೆಂದರೆ ಕಿಟಕಿಯ ಗಾಜು ಎಷ್ಟು ನಡುಗುತ್ತದೆ, ಎಲ್ಲ. ರಿಮೋಟುಗಳನ್ನು ಇಡಲು ಒಂದು ಬುಟ್ಟಿ ಬೇಕಾಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಟಿವಿಗೊಂದು, ಸೆಟ್ ಟಾಪ್ ಬಾಕ್ಸಿಗೊಂದು, ಆಂಪ್ಲಿಫೈಯರಿಗೊಂದು, ಬ್ಲೂ-ರೇ ಪ್ಲೇಯರಿಗೊಂದು, ಟಿವಿಯ ಬೆನ್ನಿಗೆ ಚುಚ್ಚಿದ ಸ್ಟಿಕ್ಕಿಗೊಂದು. ಹಾಲಿನಲ್ಲಿ ಏಸಿ ಇದ್ದರೆ ಆರು. ಕರೆಂಟು ಉಳಿಸುವ ಹೊಸ ನಮೂನೆಯ ಫ್ಯಾನು ಹಾಕಿಸಿದ್ದರೆ ಏಳು. ಎಲ್ಲಕ್ಕೂ ಕಂಪನಿಯ ಪ್ಲಾಸ್ಟಿಕ್ ಕವರು ಹಾಗೇ ಇರಬೇಕು, ಅದರ ಮೇಲೆ ರಬ್ಬರ್ ಬ್ಯಾಂಡು ಸುತ್ತಿರಬೇಕು. ಇದು ನಮ್ಮ ಕಡೆಯ ಶಾಸ್ತ್ರ. ಒಂದು ವರ್ಷ ಕಳೆಯುವಷ್ಟರಲ್ಲಿ ಕವರು ಮಬ್ಬಾಗಿ ಒಳಗಿನ ಅಕ್ಷರ ಕಾಣುವುದಿಲ್ಲ, ಆದರೆ ರಿಮೋಟು ಹೊಸದಾಗಿಯೇ ಇರುತ್ತದೆ!

ಈ ರಿಮೋಟುಗಳಿಗೆ ಕಂಪನಿಯವರು ಇಟ್ಟ ಹೆಸರು ಯಾರಿಗೂ ಬೇಕಿಲ್ಲ. ನಮ್ಮ ಮನೆಯಲ್ಲಿ ಅವು ಉದ್ದಂದು, ಗಿಡ್ಡಂದು, ಕರೀದು, ಮುಚ್ಚಳ ಹೋದದ್ದು, ಮತ್ತು ‘ಅದಲ್ಲ, ಇನ್ನೊಂದು’. ಶನಿವಾರ ರಾತ್ರಿ ಸಿನಿಮಾ ನೋಡೋಣ ಅಂದರೆ ಮೊದಲು ಉದ್ದದ್ದರಿಂದ ಟಿವಿ ಹಚ್ಚಬೇಕು. ಅದರಲ್ಲೇ ಇನ್‌ಪುಟ್ ಒತ್ತಿ ಎಚ್‌ಡಿಎಂಐ ಎರಡಕ್ಕೆ ಹೋಗಬೇಕು. ಕರೀದರಿಂದ ಆಂಪ್ಲಿಫೈಯರನ್ನು ಎಬ್ಬಿಸಿ ಅದನ್ನೂ ಪ್ಲೇಯರಿನ ಕಡೆ ತಿರುಗಿಸಬೇಕು. ಟಿವಿಯ ಸ್ವಂತ ಸ್ಪೀಕರಿನ ಬಾಯಿ ಮುಚ್ಚಿಸಬೇಕು. ಆಮೇಲೆ ಗಿಡ್ಡದ್ದು ಹುಡುಕಿ ಡಿಸ್ಕು ಓಡಿಸಬೇಕು. ಅದು ಸೋಫಾದ ಸಂದಿಯಲ್ಲಿರುತ್ತದೆ. ಇಷ್ಟರೊಳಗೆ ಅಡುಗೆಮನೆಯಿಂದ ‘ಶುರು ಆಯ್ತಾ?’ ಎಂಬ ಕೂಗು ಎರಡು ಸಲ ಬಂದಿರುತ್ತದೆ. ಮೂರನೆಯ ಸಲ ಬರುವುದು ಕೂಗಲ್ಲ, ‘ಮೊದ್ಲೇ ಚೆನ್ನಾಗಿತ್ತು, ಒಂದ್ ಟಿವಿ ಒಂದ್ ಗುಂಡಿ’ ಎಂಬ ತೀರ್ಪು.

ಇನ್ನು ಸೆಲ್ ಮುಗಿದಾಗಿನ ಉಪಚಾರ ಎಲ್ಲರ ಮನೆಯಲ್ಲೂ ಒಂದೇ. ಮೊದಲು ತೊಡೆಗೆ ಎರಡು ಬಡಿಯುವುದು. ಆಮೇಲೆ ಸೆಲ್ ತೆಗೆದು ಅಂಗೈಯಲ್ಲಿ ಉರುಳಿಸಿ, ಅದಲು ಬದಲು ಮಾಡಿ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಗೋಡೆ ಗಡಿಯಾರದ ಸೆಲ್ ಕಿತ್ತು ತರುವುದು. ತಂದ ಮೇಲೆ ಗೊತ್ತಾಗುತ್ತದೆ, ಅದು ದಪ್ಪದ್ದು, ಇದಕ್ಕೆ ಬೇಕಾದದ್ದು ಸಣ್ಣದು. ಆ ರಾತ್ರಿ ಟಿವಿಯೂ ಇಲ್ಲ, ಗಡಿಯಾರವೂ ಇಲ್ಲ.

ಕಾಂಪೌಂಡಿನ ಆಚೆ ಮನೆಯ ಮೇಷ್ಟ್ರು ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬೆಳಗ್ಗೆ ಪೂಜೆಗೆ ದಾಸವಾಳ ಕೀಳಲು ಬರುವುದು ನೆಪ, ಮಾತಾಡಲು ಬರುವುದು ಖರೆ. ಮೊನ್ನೆ ಗೋಡೆಯ ಮೇಲೆ ಹೂವಿನ ಬುಟ್ಟಿ ಇಟ್ಟು ಕೇಳಿದರು: “ಎಲ್ಲಕ್ಕೂ ಸೇರಿ ಒಂದೇ ರಿಮೋಟು ಬರುತ್ತಂತಲ್ರೀ? ನಮ್ಮ ಅಳಿಯ ಹೇಳ್ತಿದ್ದ.”

“ಬರುತ್ತೆ ಮೇಷ್ಟ್ರೇ. ಅಂಗಡಿಯಿಂದ ಬರೋದು ಅರ್ಧ. ಇನ್ನರ್ಧ ನಾವು ಕಲಿಸಬೇಕು.”

“ಕಲಿಸೋದಾ? ನಲವತ್ತು ವರ್ಷ ಕಲಿಸಿದ್ದೀನಿ, ಸಾಕು” ಅಂದರು. ಆದರೆ ಬುಟ್ಟಿ ಎತ್ತಿಕೊಳ್ಳಲಿಲ್ಲ. ಮೇಷ್ಟ್ರು ಬುಟ್ಟಿ ಎತ್ತಿಕೊಳ್ಳದಿದ್ದರೆ ಮುಂದೆ ಹೇಳು ಅಂತ ಅರ್ಥ.

ಮೊದಲಿನಿಂದಲೇ ಹೇಳಬೇಕು. ಎದ್ದು ಹೋಗಿ ಟಿವಿ ತಿರುಗಿಸುವ ಕಷ್ಟವನ್ನು ಮೊದಲು ಮನಸ್ಸಿಗೆ ಹಚ್ಚಿಕೊಂಡವರು ಅಮೆರಿಕದ ಜೆನಿತ್ ಕಂಪನಿಯವರು. 1950ರಲ್ಲಿ ಅವರು ತಂದ ರಿಮೋಟಿನ ಹೆಸರೇ ‘ಲೇಜಿ ಬೋನ್ಸ್’, ಅಂದರೆ ಸೋಮಾರಿ. ಗಿರಾಕಿಯನ್ನು ಬೈದು ಮಾಲು ಮಾರಿದ ಕಂಪನಿ! ಅದಕ್ಕೆ ಉದ್ದನೆಯ ವೈರಿತ್ತು, ನಡುಮನೆಯಲ್ಲಿ ಓಡಾಡುವವರೆಲ್ಲ ಎಡವುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯುಜೀನ್ ಪೋಲಿ ವೈರು ಕಿತ್ತುಹಾಕಿ ‘ಫ್ಲಾಷ್‌ಮ್ಯಾಟಿಕ್’ ಮಾಡಿದರು. ನೋಡಲು ಪಿಸ್ತೂಲಿನ ಆಕಾರ, ಒಳಗೆ ಟಾರ್ಚು. ಟಿವಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಳಕಿನ ಕಣ್ಣು. ಬೇಕಾದ ಮೂಲೆಗೆ ಬೆಳಕು ಬಿಟ್ಟರೆ ಚಾನೆಲ್ಲು ಬದಲಾಗುತ್ತಿತ್ತು, ದನಿ ನಿಲ್ಲುತ್ತಿತ್ತು. ಎಲ್ಲ ಸರಿ, ಆದರೆ ಕಿಟಕಿಯಿಂದ ಬಿಸಿಲು ಬಿದ್ದರೆ ಟಿವಿ ತನ್ನಷ್ಟಕ್ಕೆ ಚಾನೆಲ್ಲು ತಿರುಗಿಸಿಕೊಂಡು ಕೂರುತ್ತಿತ್ತು.

“ಸೂರ್ಯನಾರಾಯಣನ ಕೈಗೆ ರಿಮೋಟು ಕೊಟ್ಟ ಹಾಗಾಯ್ತು” ಅಂದರು ಮೇಷ್ಟ್ರು.

ಮರುವರ್ಷ, 1956ರಲ್ಲಿ, ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು ಸದ್ದನ್ನು ಹಿಡಿದರು. ‘ಸ್ಪೇಸ್ ಕಮಾಂಡ್’ ಎಂಬ ಆ ರಿಮೋಟಿನಲ್ಲಿ ಸೆಲ್ಲೇ ಇರಲಿಲ್ಲ! ಒಳಗೆ ಒಂದಕ್ಕಿಂತ ಒಂದು ತುಸು ಉದ್ದದ ಅಲ್ಯೂಮಿನಿಯಂ ಕಡ್ಡಿಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಕಡ್ಡಿಗೆ ಬಡಿಯುತ್ತದೆ, ಮನುಷ್ಯರ ಕಿವಿಗೆ ಕೇಳದ ದನಿ ಹೊರಡುತ್ತದೆ, ಟಿವಿ ಅದನ್ನು ಕೇಳಿಸಿಕೊಂಡು ಹೇಳಿದ್ದು ಮಾಡುತ್ತದೆ. ಸೆಲ್ ಯಾಕೆ ಬೇಡವಾಯಿತೆಂದರೆ, ಸೆಲ್ ಸತ್ತ ದಿನ ಜನ ಟಿವಿಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದು ಮಾರಾಟದವರು ಹೆದರಿದ್ದರು. ಜನರನ್ನು ಬಲ್ಲವರ ಮಾತು. ಅಲ್ಲೂ ಒಂದು ತೊಡಕಿತ್ತು: ಪಕ್ಕದಲ್ಲಿ ಯಾರಾದರೂ ಬೀಗದ ಕೈ ಗೊಂಚಲು ಅಲುಗಾಡಿಸಿದರೆ ಟಿವಿ ಗೊಂದಲಕ್ಕೆ ಬೀಳುತ್ತಿತ್ತು. ಆದರೂ ಆ ಸದ್ದಿನ ರಿಮೋಟು ಇಪ್ಪತ್ತೈದು ವರ್ಷದಷ್ಟು ಬಾಳಿತು. ಆಮೇಲೆ ಬಂದದ್ದು ಈಗಿನ ಇನ್‌ಫ್ರಾರೆಡ್, ನಮ್ಮ ಮೇಷ್ಟ್ರ ಪಾಠದ ಅವಗೆಂಪು ಕಿರಣ.

ಈ ಕಿರಣವನ್ನು ಕಣ್ಣಾರೆ ನೋಡುವ ಉಪಾಯವೊಂದಿದೆ. ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ತುದಿಯ ಪುಟ್ಟ ಬಲ್ಬನ್ನು ಅದರ ಮುಂದೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಪರದೆಯ ಮೇಲೆ ಮಾತ್ರ ಬಲ್ಬು ನಸುನೇರಳೆಯಾಗಿ ಮಿಣಮಿಣ ಅನ್ನುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಹಿಂದಿನದಕ್ಕೆ ಈ ಕಿರಣ ತಡೆಯುವ ಫಿಲ್ಟರು ಬಿಗಿಯಾಗಿರುತ್ತದೆ, ಮುಂದಿನದರಲ್ಲಿ ಹಲವು ಸಲ ಸಡಿಲ. ರಿಮೋಟು ಕೆಟ್ಟಿದೆಯೋ, ಟಿವಿ ಕೆಟ್ಟಿದೆಯೋ ಎಂದು ಮೆಕ್ಯಾನಿಕ್ಕಿಗೆ ದುಡ್ಡು ಕೊಡುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಮಿಣುಕಿದರೆ ರಿಮೋಟು ಬದುಕಿದೆ. ಮೇಷ್ಟ್ರು ಅಲ್ಲೇ ಮನೆಯೊಳಗಿಂದ ತಮ್ಮ ರಿಮೋಟು ತರಿಸಿ ನೋಡಿಯೇಬಿಟ್ಟರು.

ಆ ಮಿಣುಕು ಸುಮ್ಮನೆ ಮಿಣುಕಲ್ಲ. ಬಹುತೇಕ ರಿಮೋಟುಗಳಲ್ಲಿ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಆರಿ ಹತ್ತುತ್ತದೆ. ಬಿಸಿಲು, ಟ್ಯೂಬ್‌ಲೈಟು ಇವುಗಳ ನಡುವೆ ತನ್ನವರ ಬೆಳಕು ಯಾವುದೆಂದು ಟಿವಿ ಗುರುತು ಹಿಡಿಯುವುದು ಈ ಲೆಕ್ಕದಿಂದ. ಆ ಬೆಳಕನ್ನು ಉದ್ದ ಗಿಡ್ಡವಾಗಿ ಕತ್ತರಿಸಿ ಸಂದೇಶ ಹೊಸೆಯುತ್ತಾರೆ. ಎನ್‌ಇಸಿ ಎಂಬ ಜಪಾನಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡ್ ಬೆಳಕು, ಮತ್ತೆ ನಾಲ್ಕೂವರೆ ಮಿಲಿಸೆಕೆಂಡ್ ಕತ್ತಲು, ಆಮೇಲೆ ಯಾರಿಗೆ ಹೇಳುತ್ತಿದ್ದೇನೆ, ಏನು ಹೇಳುತ್ತಿದ್ದೇನೆ ಎಂಬ ಸಂಖ್ಯೆ. ಹೇಳಿದ್ದನ್ನೇ ತಿರುಗಿಸಿ ಇನ್ನೊಮ್ಮೆ ಹೇಳಿ ತಾಳೆ ನೋಡಲು ಬಿಡುತ್ತದೆ. ಸೋನಿಯವರದು ಬೇರೆ, ಸೆಕೆಂಡಿಗೆ 40,000. ಒಂದೇ ಮಾತನ್ನು ಕನಿಷ್ಠ ಮೂರು ಸಲ ಹೇಳುತ್ತದೆ. ಫಿಲಿಪ್ಸಿನವರದು ಇನ್ನೊಂದು, 36,000. ಹೀಗೆ ಒಬ್ಬೊಬ್ಬರು ಒಂದೊಂದು ಭಾಷೆ ಕಟ್ಟಿಕೊಂಡ ಮೇಲೆ ಟೇಬಲ್ಲಿನ ಮೇಲೆ ಐದು ರಿಮೋಟು ಕೂರದೆ ಏನು ಮಾಡಿಯಾವು?

ಈ ಎಲ್ಲ ಭಾಷೆ ಬಲ್ಲ ಒಂದೇ ರಿಮೋಟಿನ ಆಸೆ 1980ರ ದಶಕದ್ದು. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅಲ್ಲಿಂದ ಹೊರಬಿದ್ದು ‘ಸಿಎಲ್ 9’ ಎಂಬ ಕಂಪನಿ ಮಾಡಿ, 1987ರಲ್ಲಿ ‘ಕೋರ್’ ಎಂಬ ರಿಮೋಟು ತಂದರು. ಬೇರೆ ರಿಮೋಟುಗಳ ಸಂಕೇತವನ್ನು ಕಲಿತುಕೊಳ್ಳುತ್ತಿತ್ತು, ಸಾಲಾಗಿ ಹಲವು ಆಜ್ಞೆಗಳನ್ನು ತಾನೇ ಹೊರಡಿಸುತ್ತಿತ್ತು. ಆದರೆ ಅದಕ್ಕೆ ಬುದ್ಧಿ ಹೇಳಲು ಗಿರಾಕಿಯೂ ಹೆಚ್ಚುಕಡಿಮೆ ಕಂಪ್ಯೂಟರ್ ಎಂಜಿನಿಯರೇ ಆಗಿರಬೇಕಿತ್ತು. ವ್ಯಾಪಾರ ಕುದುರಲಿಲ್ಲ. ರಿಮೋಟು ಎಷ್ಟು ಬಲ್ಲದು ಎಂಬುದರ ಜೊತೆಗೆ ಹಿಡಿದವರು ಎಷ್ಟು ಬಲ್ಲರು ಎಂದೂ ಕೇಳಬೇಕು ಎಂಬ ಪಾಠ ಅಂದೇ ಸಿಕ್ಕಿತ್ತು. ಯಾರೂ ನೋಟ್ಸು ಮಾಡಿಕೊಳ್ಳಲಿಲ್ಲ.

ಇವತ್ತು ಇಂಥ ರಿಮೋಟಿಗೆ ಕಲಿಸುವ ದಾರಿ ಮೂರು. ಮೊದಲನೆಯದು ಪಟ್ಟಿ. ಜೊತೆಗೆ ಬರುವ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕಂಪನಿಗಳ ಹೆಸರು, ಎದುರಿಗೆ ನಾಲ್ಕಂಕಿ ಐದಂಕಿಯ ಸಂಖ್ಯೆ. ಸೆಟಪ್ ಗುಂಡಿಯನ್ನು ದೀಪ ಮಿಣುಕುವವರೆಗೆ ಅದುಮಿ, ಸಂಖ್ಯೆ ಒತ್ತಿ, ಟಿವಿ ಆರಿತೇ ನೋಡಬೇಕು. ಆರದಿದ್ದರೆ ಮುಂದಿನ ಸಂಖ್ಯೆ. ಚೀಟಿ ಕಳೆದಿದ್ದರೆ ‘ನೀನೇ ಹುಡುಕಿಕೋ’ ಅಂತ ಬಿಡುವ ವ್ಯವಸ್ಥೆಯೂ ಉಂಟು. ಆಗ ರಿಮೋಟು ತನಗೆ ಗೊತ್ತಿರುವ ಆರಿಸುವ ಸಂಕೇತಗಳನ್ನೆಲ್ಲ ಒಂದರ ಹಿಂದೊಂದು ಉಗುಳುತ್ತದೆ. ಟಿವಿ ಆರಿದ ಕ್ಷಣವೇ ಗುಂಡಿ ಬಿಡಬೇಕು. ಕಣ್ಣು ಮಿಟುಕಿಸಿದರೆ ಮತ್ತೆ ಮೊದಲಿಂದ.

“ಅದಕ್ಕೇ ಏನ್ರೀ, ಭಾನುವಾರ ನಮ್ಮ ಮನೆ ಸೆಟ್ ಟಾಪ್ ಬಾಕ್ಸು ಧಾರಾವಾಹಿ ಮಧ್ಯೆ ಆರಿಹೋಗಿದ್ದು?” ಅಂದರು ಮೇಷ್ಟ್ರು ಕನ್ನಡಕದ ಮೇಲಿಂದ ನೋಡುತ್ತ. ಇನ್‌ಫ್ರಾರೆಡ್ ಗೋಡೆ ದಾಟುವುದಿಲ್ಲ ಎಂದು ಅವರಿಗೆ ನಾನು ಹೇಳಬೇಕೇ? ಆದರೆ ಗಾಜಿನ ಕಿಟಕಿ ದಾಟುತ್ತದೆ ಎಂದು ಅವರಿಗೂ ಗೊತ್ತು. ಎರಡೂ ಮನೆಗೆ ಒಬ್ಬನೇ ಕೇಬಲ್ಲಿನವನು ಕೊಟ್ಟ ಒಂದೇ ಜಾತಿಯ ಪೆಟ್ಟಿಗೆ, ಕಿಟಕಿಗೆ ಕಿಟಕಿ ಎದುರು. ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ ಕೇಬಲ್ ಡಿಜಿಟಲ್ ಆಗಿ ಮನೆಮನೆಗೆ ಪೆಟ್ಟಿಗೆ ಬಂದ ಮೇಲೆ ಇಂಥ ನೆರೆಹೊರೆಯ ವ್ಯಾಜ್ಯಕ್ಕೆ ಆಸ್ಪದ ಆಗಿದೆ. ಪರದೆ ಎಳೆದುಕೊಳ್ಳಿ ಅಂದೆ. ಹೆಂಡತಿಗೆ ಹೇಳುತ್ತೇನೆ ಅಂದರು.

ಎರಡನೆಯ ದಾರಿ ಗುರುಶಿಷ್ಯ ಪದ್ಧತಿ. ಹಳೆಯ ರಿಮೋಟನ್ನೂ ಹೊಸದನ್ನೂ ಟೇಬಲ್ಲಿನ ಮೇಲೆ ತಲೆಗೆ ತಲೆ ತಾಗುವಂತೆ, ಎರಡು ಮೂರು ಬೆರಳಿನ ಅಂತರದಲ್ಲಿ ಮಲಗಿಸಬೇಕು. ಹೊಸದರಲ್ಲಿ ‘ಕಲಿ’ ಗುಂಡಿ ಒತ್ತಿ, ಯಾವ ಗುಂಡಿಗೆ ಕಲಿಸಬೇಕೋ ಅದನ್ನು ಒತ್ತಿ, ಆಮೇಲೆ ಹಳೆಯದರಲ್ಲಿ ಅದೇ ಕೆಲಸದ ಗುಂಡಿ ಮುಟ್ಟಿಸಬೇಕು. ದೀಪ ಎರಡು ಸಲ ಮಿಣುಕಿದರೆ ಪಾಠ ತಲೆಗೆ ಹೋಯಿತು. ಕೆಂಪಗೆ ಉದ್ದಕ್ಕೆ ಉರಿದರೆ ಹೋಗಲಿಲ್ಲ. ಹಳೆಯದಕ್ಕೆ ಹೊಸ ಸೆಲ್ ಹಾಕಿರಬೇಕು. ಬಿಸಿಲು ಬೀಳುವ ಕಡೆ, ಸಿಎಫ್‌ಎಲ್ ದೀಪದ ಕೆಳಗೆ ಈ ಕೆಲಸ ಬೇಡ. ಗುಂಡಿಯನ್ನು ತಟ್ಟಿ ಬಿಡಬೇಕು, ಅದುಮಿ ಹಿಡಿಯಬಾರದು. ನಮ್ಮಲ್ಲಿ ಸೆಟ್ ಟಾಪ್ ಬಾಕ್ಸಿನ ಎಷ್ಟೋ ರಿಮೋಟುಗಳಲ್ಲಿ ಟಿವಿಯ ಪವರು, ಸೌಂಡು ಕಲಿಯುವ ನಾಲ್ಕೈದು ಗುಂಡಿಗಳು ಇದ್ದೇ ಇರುತ್ತವೆ. ಅವನ್ನು ಕಲಿಸದೆ ಎರಡು ರಿಮೋಟು ಹಿಡಿದುಕೊಂಡೇ ಜನ ವರ್ಷಗಟ್ಟಲೆ ಕಾಲ ಹಾಕುತ್ತಾರೆ. ದುಡ್ಡು ಕೊಡದೆ ಸಿಗುವ ಅನುಕೂಲ ಇದು, ಇವತ್ತೇ ಚೀಟಿ ಹುಡುಕಿ ನೋಡಿ.

ಈ ಪದ್ಧತಿಯಲ್ಲಿ ಒಂದು ಒಳಗುಟ್ಟಿದೆ. ಫಿಲಿಪ್ಸಿನ ಹಳೆಯ ಆರ್‌ಸಿ-5 ಭಾಷೆಯಲ್ಲಿ ಪ್ರತಿ ಸಲ ಗುಂಡಿ ಹೊಸದಾಗಿ ಒತ್ತಿದಾಗಲೂ ಸಂದೇಶದ ಒಂದು ಬಿಟ್ ಮಗುಚುತ್ತದೆ. ಅದುಮಿ ಹಿಡಿದಿದ್ದಾರೋ ಇನ್ನೊಮ್ಮೆ ಒತ್ತಿದರೋ ಎಂದು ಟಿವಿ ಅದರಿಂದ ತಿಳಿಯುತ್ತದೆ. ಕೇಳಿದ್ದನ್ನು ಗಿಳಿಪಾಠ ಒಪ್ಪಿಸುವ ಅಗ್ಗದ ರಿಮೋಟಿಗೆ ಈ ಸೂಕ್ಷ್ಮ ತಿಳಿಯದು. ಆಗ 11ನೇ ಚಾನೆಲ್ಲಿಗೆ ಎರಡು ಸಲ ಒಂದು ಒತ್ತಿದರೆ ಟಿವಿ ಒಂದೇ ಸಲ ಅಂತ ತಿಳಿದು 1ಕ್ಕೆ ಹೋಗಿ ಕೂರುತ್ತದೆ. 12ಕ್ಕೆ ಸರಿಯಾಗಿ ಹೋಗುತ್ತದೆ, 22ಕ್ಕೆ ಹೋಗುವುದಿಲ್ಲ. ದೆವ್ವದ ಕಾಟ ಅಂದುಕೊಳ್ಳಬೇಡಿ, ಒಂದು ಬಿಟ್ಟಿನ ಕಾಟ.

ಮೂರನೆಯ ದಾರಿ ಕಂಪ್ಯೂಟರಿನದು ಅಥವಾ ಫೋನಿನದು. ನಿಮ್ಮ ಸಾಮಾನುಗಳ ಮಾಡೆಲ್ ನಂಬರು ಕೊಟ್ಟರೆ ಅದೇ ಸಂಕೇತ ತಂದು ತುಂಬುತ್ತದೆ. ಕೆನಡಾದಲ್ಲಿ ಹುಟ್ಟಿ, 2004ರಲ್ಲಿ ಲಾಜಿಟೆಕ್ ಕೊಂಡುಕೊಂಡ ‘ಹಾರ್ಮನಿ’ ಈ ದಾರಿಯ ದೊಡ್ಡ ಹೆಸರು. ಅದು ಲೋಕಕ್ಕೆ ಹೇಳಿಕೊಟ್ಟದ್ದು ಒಂದು ಒಳ್ಳೆಯ ಮಾತು: ಯಂತ್ರವನ್ನು ಕೇಳಬೇಡ, ಕೆಲಸವನ್ನು ಕೇಳು. ಅಂದರೆ ರಿಮೋಟಿನ ಮೇಲೆ ಟಿವಿ, ಆಂಪ್ಲಿಫೈಯರ್ ಅಂತ ಇರುವುದಿಲ್ಲ. ‘ಸಿನಿಮಾ ನೋಡು’, ‘ಹಾಡು ಕೇಳು’ ಅಂತ ಇರುತ್ತದೆ. ಒಂದು ಒತ್ತಿದರೆ ಟಿವಿ ಹತ್ತಿ, ಆಂಪ್ಲಿಫೈಯರ್ ಎದ್ದು, ಇನ್‌ಪುಟ್ಟುಗಳು ತಿರುಗಿ, ಪ್ಲೇಯರು ಓಡುತ್ತದೆ. ಸಾಲಾಗಿ ಹೊರಡುವ ಇಂಥ ಆಜ್ಞೆಗಳ ಸರಕ್ಕೆ ಮ್ಯಾಕ್ರೋ ಅನ್ನುತ್ತಾರೆ. ಸಿನಿಮಾ ನಡೆಯುವಾಗ ಸೌಂಡಿನ ಗುಂಡಿ ಆಂಪ್ಲಿಫೈಯರಿಗೆ ಹೋಗುತ್ತದೆ, ಬಾಣದ ಗುಂಡಿಗಳು ಪ್ಲೇಯರಿಗೆ ಹೋಗುತ್ತವೆ. ಯಾವ ಗುಂಡಿ ಯಾರಿಗೆ ಎಂದು ಕೂತವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೋಮ್ ಥಿಯೇಟರಿನವರ ನಿಜವಾದ ಪರೀಕ್ಷೆ ಶುರುವಾಗುವುದು ಈ ಮ್ಯಾಕ್ರೋದಲ್ಲೇ. ಮೊದಲ ಕಂಟಕ ಅವಸರ. ರಿಮೋಟು ಅರ್ಧ ಸೆಕೆಂಡಿನಲ್ಲಿ ಎಲ್ಲ ಹೇಳಿ ಮುಗಿಸುತ್ತದೆ, ಟಿವಿ ಇನ್ನೂ ಮೈ ಮುರಿಯುತ್ತಿರುತ್ತದೆ. ಹತ್ತುವ ಮುಂಚೆ ಹೇಳಿದ ‘ಎಚ್‌ಡಿಎಂಐ ಎರಡು’ ಗಾಳಿಗೆ ಹೋಗುತ್ತದೆ. ಆದ್ದರಿಂದ ಮಾತಿನ ನಡುವೆ ನಾಲ್ಕು ಸೆಕೆಂಡ್, ಆರು ಸೆಕೆಂಡ್ ಬಿಡುವು ಸೇರಿಸಬೇಕು. ನಿಧಾನವಾಗಿ ಏಳುವ ಟಿವಿಗೆ ಮೊದಲು ಆಜ್ಞೆ ಕೊಟ್ಟು, ಅದು ಏಳುವ ಹೊತ್ತಿನಲ್ಲಿ ಉಳಿದವರ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಬಿಡುವು ಸೇರಿಸಿದರೆ ಎರಡನೆಯ ಕಂಟಕ. ಸರ ಮುಗಿಯಲು ಹತ್ತು ಹದಿನೈದು ಸೆಕೆಂಡು ಬೇಕು, ಅಷ್ಟೂ ಹೊತ್ತು ರಿಮೋಟಿನ ಮುಖ ಟಿವಿ ಕಡೆ ಇರಬೇಕು. ನಮ್ಮ ಅಮ್ಮ ಗುಂಡಿ ಒತ್ತಿದ ತಕ್ಷಣ ರಿಮೋಟನ್ನು ಪಕ್ಕದಲ್ಲಿ ಮಗುಚಿ ಇಟ್ಟು ಬಟಾಣಿ ಸುಲಿಯಲು ಶುರು ಮಾಡುತ್ತಾರೆ. ಅವರದೇನು ತಪ್ಪು? ಸ್ವಿಚ್ ಒತ್ತಿದ ಮೇಲೆ ಬಲ್ಬಿನ ಕಡೆ ಕೈ ತೋರಿಸಿಕೊಂಡು ಯಾರು ನಿಲ್ಲುತ್ತಾರೆ? ಕೊನೆಯ ಎರಡು ಆಜ್ಞೆ ಸೋಫಾದ ಕವರಿಗೆ ಹೋಗುತ್ತವೆ. ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಇದಕ್ಕೆ ಮದ್ದು, ಟಿವಿ ಸ್ಟ್ಯಾಂಡಿನ ಬಳಿ ಕೂರುವ ಹಬ್ ಎಂಬ ಪುಟ್ಟ ಡಬ್ಬಿ. ಕೈಯಲ್ಲಿರುವ ರಿಮೋಟು ರೇಡಿಯೋ ಅಲೆಯಲ್ಲಿ ಅದಕ್ಕೆ ಹೇಳುತ್ತದೆ, ಅದು ಸುತ್ತಲೂ ಇನ್‌ಫ್ರಾರೆಡ್ ಚೆಲ್ಲುತ್ತದೆ. ರಿಮೋಟು ಮಗುಚಿ ಬಿದ್ದಿದ್ದರೂ ಚಿಂತೆಯಿಲ್ಲ, ಬಟಾಣಿ ಸುಲಿಯಬಹುದು.

ಮೂರನೆಯ ಕಂಟಕ ದೊಡ್ಡದು, ನಮ್ಮ ನೆಲದ್ದು. ಬಹುಪಾಲು ಸಾಮಾನುಗಳ ರಿಮೋಟಿನಲ್ಲಿ ಪವರ್ ಗುಂಡಿ ಒಂದೇ. ಹತ್ತಿದ್ದರೆ ಆರಿಸುತ್ತದೆ, ಆರಿದ್ದರೆ ಹತ್ತಿಸುತ್ತದೆ. ಕೈಯಲ್ಲಿ ಒತ್ತುವಾಗ ಕಣ್ಣು ನೋಡಿಕೊಳ್ಳುತ್ತದೆ. ಮ್ಯಾಕ್ರೋಗೆ ಕಣ್ಣಿಲ್ಲ. ಎಲ್ಲ ಆರಿದೆ ಎಂಬ ನಂಬಿಕೆಯ ಮೇಲೆ ಅದು ಎಲ್ಲರಿಗೂ ‘ಮಗುಚು’ ಅನ್ನುತ್ತದೆ. ಈಗ ಸಂಜೆ ಏಳಕ್ಕೆ ಕರೆಂಟು ಹೋಗಿ ಬಂತು ಅನ್ನಿ. ಬಂದ ಕೂಡಲೇ ಸೆಟ್ ಟಾಪ್ ಬಾಕ್ಸು ತಾನೇ ಎದ್ದು ಕೂತಿತು, ಟಿವಿ ಮಲಗೇ ಇತ್ತು, ಯುಪಿಎಸ್ ಮೇಲಿದ್ದ ಆಂಪ್ಲಿಫೈಯರಿಗೆ ಏನೂ ಗೊತ್ತೇ ಆಗಲಿಲ್ಲ. ಆಮೇಲೆ ‘ಟಿವಿ ನೋಡು’ ಒತ್ತಿದರೆ ಟಿವಿ ಏಳುತ್ತದೆ, ಎದ್ದಿದ್ದ ಬಾಕ್ಸು ಮಲಗುತ್ತದೆ. ಇನ್ನೊಮ್ಮೆ ಒತ್ತಿದರೆ ಬಾಕ್ಸು ಏಳುತ್ತದೆ, ಟಿವಿ ಮಲಗುತ್ತದೆ. ಎಷ್ಟು ಒತ್ತಿದರೂ ಇವರಿಬ್ಬರು ಮುಖಾಮುಖಿ ಆಗುವುದೇ ಇಲ್ಲ. ಜನ ಈ ಹಂತದಲ್ಲಿ ಹಳೆ ರಿಮೋಟುಗಳಿಗೆ ವಾಪಸು ಹೋಗುತ್ತಾರೆ.

ಬಲ್ಲವರ ಮದ್ದು ಬೇರೆ. ಅನೇಕ ಟಿವಿ, ಆಂಪ್ಲಿಫೈಯರುಗಳ ಒಳಗೆ ‘ಹತ್ತು’ ಎಂಬುದಕ್ಕೆ ಒಂದು, ‘ಆರು’ ಎಂಬುದಕ್ಕೆ ಇನ್ನೊಂದು ಬೇರೆ ಬೇರೆ ಸಂಕೇತ ಇರುತ್ತವೆ. ಹಾಗೆಯೇ ‘ಮುಂದಿನ ಇನ್‌ಪುಟ್’ ಅನ್ನುವ ಬದಲು ‘ನೇರ ಎಚ್‌ಡಿಎಂಐ ಎರಡು’ ಅನ್ನುವ ಸಂಕೇತವೂ ಇರುತ್ತದೆ. ಡಿಸ್ಕ್ರೀಟ್ ಕೋಡ್ ಅಂತ ಇದಕ್ಕೆ ಹೇಳುವುದು. ತಮಾಷೆ ಏನೆಂದರೆ, ಕಂಪನಿ ಜೊತೆಗೆ ಕೊಟ್ಟ ರಿಮೋಟಿನಲ್ಲಿ ಇದಕ್ಕೆ ಗುಂಡಿಯೇ ಇರುವುದಿಲ್ಲ. ಯಂತ್ರಕ್ಕೆ ಅರ್ಥವಾಗುತ್ತದೆ, ಹೇಳಲು ಬಾಯಿಲ್ಲ. ಒಳ್ಳೆಯ ಪ್ರೋಗ್ರಾಮೆಬಲ್ ರಿಮೋಟಿನ ಪಟ್ಟಿಯಲ್ಲಿ ಈ ಸಂಕೇತಗಳು ಸಿಗುತ್ತವೆ. ಹತ್ತಿದ್ದ ಟಿವಿಗೆ ‘ಹತ್ತು’ ಅಂದರೆ ಅದು ಸುಮ್ಮನಿರುತ್ತದೆ, ಆರಿದ್ದರೆ ಹತ್ತುತ್ತದೆ. ಕರೆಂಟು ನೂರು ಸಲ ಹೋಗಿ ಬರಲಿ, ಲೆಕ್ಕ ತಪ್ಪುವುದಿಲ್ಲ. ಡಿಸ್ಕ್ರೀಟ್ ಕೋಡ್ ಇಲ್ಲದ ಸಾಮಾನಿಗೆ ಹಾರ್ಮನಿಯವರು ‘ಸಹಾಯ’ ಎಂಬ ಗುಂಡಿ ಇಟ್ಟಿದ್ದರು. ಒತ್ತಿದರೆ ‘ಟಿವಿ ಹತ್ತಿತೇ? ದನಿ ಬಂತೇ?’ ಎಂದು ಒಂದೊಂದೇ ಕೇಳುತ್ತ ಸರಿಮಾಡುತ್ತಿತ್ತು.

ಏಸಿ ರಿಮೋಟನ್ನೂ ಇದರಲ್ಲೇ ಸೇರಿಸಿಬಿಡೋಣ ಅನ್ನುವ ಉತ್ಸಾಹಿಗಳಿಗೆ ಒಂದು ಕಿವಿಮಾತು. ಟಿವಿ ರಿಮೋಟು ‘ಇನ್ನೊಂಚೂರು ಸಾಂಬಾರ್’ ಅನ್ನುವ ಗಿರಾಕಿ. ಏಸಿ ರಿಮೋಟು ಪ್ರತಿ ಸಲವೂ ‘ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ, ಚಟ್ನಿ ಜಾಸ್ತಿ’ ಅಂತ ಇಡೀ ಆರ್ಡರನ್ನು ಮೊದಲಿಂದ ಒಪ್ಪಿಸುವ ಗಿರಾಕಿ. ಒಂದು ಡಿಗ್ರಿ ಏರಿಸಿದರೂ ಉಷ್ಣಾಂಶ, ಫ್ಯಾನಿನ ವೇಗ, ತಂಪೋ ಒಣಗಾಳಿಯೋ ಎಲ್ಲವೂ ಸೇರಿದ ಉದ್ದನೆಯ ಸಂದೇಶ ಹೋಗುತ್ತದೆ. ಅದರ ‘ಏರಿಸು’ ಗುಂಡಿಯನ್ನು ಗುರುಶಿಷ್ಯ ಪದ್ಧತಿಯಲ್ಲಿ ಕಲಿಸಿದರೆ, ಕಲಿಸಿದ ಕ್ಷಣದಲ್ಲಿ ಪರದೆ ಮೇಲಿದ್ದ 25 ಡಿಗ್ರಿಯೇ ಶಾಶ್ವತ. ಎಷ್ಟು ಒತ್ತಿದರೂ 25. ಏಸಿಗೆ ಅದರದೇ ಪಟ್ಟಿ ಇರುವ ರಿಮೋಟೋ ಹಬ್ಬೋ ಬೇಕು.

“ಅಲ್ರೀ, ಈಗ ಒಂದೇ ವೈರಲ್ಲಿ ಎಲ್ಲ ಮಾತಾಡಿಕೊಳ್ತಾವಂತೆ?” ಅಂದರು ಮೇಷ್ಟ್ರು. ಅಳಿಯ ಎಲ್ಲವನ್ನೂ ಹೇಳಿಯೇ ಹೋಗಿದ್ದಾನೆ. ಹೌದು, ಅದಕ್ಕೆ ಸಿಇಸಿ ಎಂದು ಹೆಸರು. 2002ರಲ್ಲಿ ಎಚ್‌ಡಿಎಂಐ ಬಂದಾಗಲೇ ಅದರೊಳಗೆ ಒಂದು ಎಳೆಯನ್ನು ಈ ಕೆಲಸಕ್ಕೆ ಇಟ್ಟಿದ್ದರು. ಪ್ಲೇಯರು ಓಡಿದರೆ ಟಿವಿ ತಾನೇ ಏಳುತ್ತದೆ, ಟಿವಿ ರಿಮೋಟಿನ ಸೌಂಡು ಆಂಪ್ಲಿಫೈಯರಿಗೆ ಹೋಗುತ್ತದೆ. ಸ್ಯಾಮ್‌ಸಂಗ್‌ನವರು ಇದನ್ನು ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್, ಪ್ಯಾನಾಸಾನಿಕ್‌ನವರು ವಿಯೆರಾ ಲಿಂಕ್. ಮೆನುವಿನಲ್ಲಿ ಸಿಇಸಿ ಎಂದು ಹುಡುಕಿದವರಿಗೆ ಸಿಗದಿರುವುದು ಇದಕ್ಕೇ. ಟಿವಿ, ಒಂದು ಸೌಂಡ್‌ಬಾರು, ಒಂದು ಸ್ಟಿಕ್ಕು ಇಷ್ಟೇ ಇರುವ ಮನೆಗೆ ಇದನ್ನು ಆನ್ ಮಾಡಿಕೊಂಡರೆ ಸಾಕು, ಬೇರೆ ರಿಮೋಟು ಕೊಳ್ಳುವುದು ದಂಡ. ಸಾಮಾನು ಹೆಚ್ಚಾದರೆ ಮಾತ್ರ ಇವರ ಮಾತುಕತೆ ಜಗಳಕ್ಕೆ ತಿರುಗುತ್ತದೆ. ಒಬ್ಬ ಎದ್ದರೆ ಎಲ್ಲರೂ ಏಳುತ್ತಾರೆ, ಒಬ್ಬನನ್ನು ಮಲಗಿಸಿದರೆ ಎಲ್ಲರೂ ಮಲಗುತ್ತಾರೆ, ಹಾಡು ಕೇಳೋಣ ಅಂದರೆ ಟಿವಿಯೂ ಹತ್ತಿಕೊಳ್ಳುತ್ತದೆ.

ಸ್ಟಿಕ್ಕುಗಳ ವಿಷಯ ಇನ್ನೊಂದು. ಅವುಗಳ ರಿಮೋಟು ಹೆಚ್ಚಾಗಿ ಬ್ಲೂಟೂತಿನಲ್ಲಿ ಮಾತಾಡುವುದು. ಇನ್‌ಫ್ರಾರೆಡ್ ಮಾತ್ರ ಬಲ್ಲ ರಿಮೋಟನ್ನು ಎಷ್ಟು ಹತ್ತಿರ ಹಿಡಿದರೂ ಸ್ಟಿಕ್ಕಿಗೆ ಕಿವಿ ಕೇಳದು. ಪೆಟ್ಟಿಗೆಯ ಮೇಲೆ ‘ಯೂನಿವರ್ಸಲ್’ ಅಂತ ಬರೆದ ರಿಮೋಟು ತಂದು ಮೋಸ ಹೋದೆ ಅನ್ನುವವರು ಬಹುಪಾಲು ಇಲ್ಲೇ ಎಡವಿದವರು.

ಅಗ್ಗದಲ್ಲಿ ಬೇಕು ಅಂದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಅಲ್ಲಿಯ ಅಂಗಡಿಗಳಲ್ಲಿ ರಿಮೋಟುಗಳು ಗೋಡೆಯುದ್ದಕ್ಕೂ ನೇತಾಡುತ್ತಿರುತ್ತವೆ. ಒಡೆದ ರಿಮೋಟು ತೋರಿಸಿದರೆ ಅಂಗಡಿಯವನು ಹೆಸರನ್ನೂ ಓದದೆ, ಗುಂಡಿಗಳ ಜೋಡಣೆ ನೋಡಿಯೇ ಒಂದನ್ನು ಕಿತ್ತು ಕೊಡುತ್ತಾನೆ. ಅದು ಒಂದು ವಿದ್ಯೆ. ಆದರೆ ಮ್ಯಾಕ್ರೋ ಬೇಕು, ಡಿಸ್ಕ್ರೀಟ್ ಕೋಡ್ ಬೇಕು ಅಂದರೆ ನಿಮ್ಮನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ‘ಟೀ ಕುಡೀರಿ ಸಾರ್’ ಅನ್ನುತ್ತಾನೆ.

ಕೆಲವು ಫೋನುಗಳ ನೆತ್ತಿಯಲ್ಲೂ ಇನ್‌ಫ್ರಾರೆಡ್ ಬಲ್ಬು ಇರುತ್ತದೆ. ಅದು ಪಡ್ಡೆ ಹುಡುಗರ ಕೈಗೆ ಸಿಕ್ಕಿ ಹೋಟೆಲಿನ ಟಿವಿಗಳು ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ಆರಿಹೋಗುವುದುಂಟು. ಅಮೆರಿಕದ ಮಿಚ್ ಆಲ್ಟ್‌ಮನ್ 2004ರಲ್ಲಿ ‘ಟಿವಿ-ಬಿ-ಗಾನ್’ ಎಂಬ ಬೀಗದ ಕೈ ಗೊಂಚಲಿನಷ್ಟು ಚಿಕ್ಕ ರಿಮೋಟನ್ನೇ ಮಾರಿದರು. ಅದಕ್ಕೆ ಇರುವುದು ಒಂದೇ ಗುಂಡಿ, ಒತ್ತಿದರೆ ಎದುರಿಗೆ ಯಾವ ಕಂಪನಿಯ ಟಿವಿ ಇದ್ದರೂ ಆರಬೇಕು. ಎಲ್ಲ ಭಾಷೆ ಕಲಿತು ‘ಸುಮ್ಮನಿರು’ ಎಂಬ ಒಂದೇ ಮಾತು ಹೇಳುವ ರಿಮೋಟು! ಮೇಷ್ಟ್ರು ಇದು ಎಲ್ಲಿ ಸಿಗುತ್ತದೆ ಎಂದು ಎರಡು ಸಲ ಕೇಳಿದರು. ಅವರ ಮನೆಯಲ್ಲಿ ಧಾರಾವಾಹಿ ಸಂಜೆ ಆರಕ್ಕೇ ಶುರು.

ಕೊಳ್ಳುವ ಮುಂಚೆ ಒಂದು ಎಚ್ಚರಿಕೆಯ ಮಾತೂ ಬೇಕು. ಇಷ್ಟೆಲ್ಲ ಹೊಗಳಿಸಿಕೊಂಡ ಹಾರ್ಮನಿಯ ತಯಾರಿಕೆಯನ್ನು 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಸೇವೆ ಮುಂದುವರಿಸುತ್ತೇವೆ ಅಂದರು, ಸರಿ. ಆದರೆ ರಿಮೋಟಿನ ಬುದ್ಧಿಯೆಲ್ಲ ಕಂಪನಿಯ ದೂರದ ಕಂಪ್ಯೂಟರಿನಲ್ಲಿದ್ದರೆ, ಆ ಬಾಗಿಲು ಮುಚ್ಚಿದ ದಿನ ಹೊಸ ಟಿವಿ ತಂದವರ ಗತಿ ಏನು? ಕಲಿತದ್ದನ್ನು ತನ್ನೊಳಗೇ ಇಟ್ಟುಕೊಳ್ಳುವ, ಗುರುಶಿಷ್ಯ ಪದ್ಧತಿಯೂ ಇರುವ ರಿಮೋಟೇ ಹೆಚ್ಚು ಬಾಳಿಕೆಯದು.

ಅಷ್ಟು ಹೇಳಿ ಮುಗಿಸುವಾಗ ಮೇಷ್ಟ್ರು ಬುಟ್ಟಿ ಎತ್ತಿಕೊಂಡು, “ಅಂತೂ ಎಲ್ಲ ಗೊತ್ತಿರೋನು ಒಬ್ಬ ಮನೇಲಿರಲೇಬೇಕು ಅನ್ನಿ” ಅಂದರು. ನನ್ನ ತಕರಾರು ಇರುವುದು ಇಲ್ಲೇ. ಅನೇಕ ಮನೆಗಳಲ್ಲಿ ಈ ಸರ್ವಾಧಿಕಾರಿ ರಿಮೋಟು ತಂದ ಮಹಾಶಯನೇ ಅದರ ಏಕೈಕ ಪಂಡಿತ. ಅವನು ಆಫೀಸಿಗೆ ಹೋದರೆ ಹೆಂಡತಿ ಫೋನು, ಊರಿಗೆ ಹೋದರೆ ಅಪ್ಪನ ಫೋನು. ಐದು ರಿಮೋಟಿನ ಕಾಲದಲ್ಲಿ ತಡವರಿಸಿಯಾದರೂ ಟಿವಿ ಹಚ್ಚುತ್ತಿದ್ದವರು ಈಗ ಕೈಕಟ್ಟಿ ಕೂರುತ್ತಾರೆ. ರಿಮೋಟು ಹೊಂದಿಸುವವರು ತಮಗೆ ಎಷ್ಟು ಸಾಧ್ಯ ಎಂದು ತೋರಿಸಲು ಹೊಂದಿಸುತ್ತಾರೆ, ಅದೇ ರೋಗ. ಮನೆಯಲ್ಲಿ ಯಾರಿಗೆ ಇದರಲ್ಲಿ ಕಿಂಚಿತ್ತೂ ಆಸಕ್ತಿ ಇಲ್ಲವೋ ಅವರನ್ನು ಕೂರಿಸಿಕೊಂಡು ಅವರಿಗಾಗಿ ಹೊಂದಿಸಬೇಕು.

ಆದ್ದರಿಂದ ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಮೊದಲು ಸಿಇಸಿ ಆನ್ ಮಾಡಿ ನೋಡಿ, ಅದರಲ್ಲೇ ಕೆಲಸ ನಡೆದರೆ ದುಡ್ಡು ಉಳಿಯಿತು. ನಡೆಯದಿದ್ದರೆ, ಡಿಸ್ಕ್ರೀಟ್ ಕೋಡ್ ಇದೆಯೇ, ಬ್ಲೂಟೂತ್ ಬರುತ್ತದೆಯೇ ಎಂದು ಕೇಳಿ ಕೊಳ್ಳಿ. ಮೂರಕ್ಕಿಂತ ಹೆಚ್ಚು ಮ್ಯಾಕ್ರೋ ಬೇಡ: ಟಿವಿ, ಸಿನಿಮಾ, ಎಲ್ಲ ಆರಿಸು. ಹಳೆ ರಿಮೋಟುಗಳನ್ನು ಎಸೆಯಬೇಡಿ, ಕೆಲವು ಮೆನು ಅವುಗಳಲ್ಲೇ ತೆರೆಯುವುದು. ಆದರೆ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಸ್ಪ್ರಿಂಗು ತಿಂದುಹಾಕುತ್ತದೆ. ಎಲ್ಲ ಹೊಂದಿಸಿದ ಮೇಲೆ ಒಂದು ಸಂಜೆ ರಿಮೋಟನ್ನು ಮನೆಯವರ ಕೈಗೆ ಕೊಟ್ಟು, ಮೇನ್ ಸ್ವಿಚ್ಚು ಒಂದು ಸಲ ಆರಿಸಿ ಹಾಕಿ, ನೀವು ವಾಕಿಂಗ್ ಹೋಗಿ. ನಿಮಗೆ ಫೋನು ಬರದಿದ್ದರೆ ಮಾತ್ರ ಕೊಟ್ಟ ದುಡ್ಡು ಸಾರ್ಥಕ.